ಫ್ಯಾಟಿ ಲಿವರ್: ಔಷಧದ ಚೀಟಿಗಿಂತ ಮೊದಲು ಕಿರಾಣಿ ಚೀಟಿ

ಕಿಡ್ನಿಯಲ್ಲಿ ಹರಳು ಇರಬೇಕೆಂದು ನಮ್ಮ ಮನೆಯವರು ಹೊಟ್ಟೆಯ ಸ್ಕ್ಯಾನ್ ಮಾಡಿಸಲು ಹೋಗಿದ್ದರು. ಹರಳು ಸಿಗಲಿಲ್ಲ. ರಿಪೋರ್ಟಿನ ಕೊನೆಯ ಸಾಲಿನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಇತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಮನೆ ಮುಟ್ಟುವ ತನಕ ಅವರದು ಒಂದೇ ಮಾತು: “ನಾ ಒಂದು ಹನಿ ಸೈತ ಮುಟ್ಟಿದಾಂವಲ್ಲ, ನನಗ್ಯಾಕ ಲಿವರ್ ತ್ರಾಸು?” ಸಂಜೆಗೆ ಮೈದುನನ ಫೋನು ಬಂತು. ದನಿ ತಗ್ಗಿಸಿ ಕೇಳಿದ: “ವೈನಿ, ಅಣ್ಣ ಕದ್ದು ಮುಚ್ಚಿ ಕುಡೀತಾನೇನ್ರಿ?”

ಈ ಅನುಮಾನ ಬಹಳ ಮನೆಗಳಲ್ಲಿ ಹುಟ್ಟುತ್ತದೆ. ಕುಡಿಯದವರಿಗೂ ಬರುವ ಈ ಕಾಯಿಲೆಗೆ ಎನ್‌ಎಎಫ್‌ಎಲ್‌ಡಿ, ಅಂದರೆ ‘ನಾನ್ ಆಲ್ಕೊಹಾಲಿಕ್ ಫ್ಯಾಟಿ ಲಿವರ್’ ಎಂಬ ಹೆಸರಿತ್ತು. 2023ರಲ್ಲಿ ಲಿವರ್ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಅದನ್ನು ಎಂಎಎಸ್‌ಎಲ್‌ಡಿ, ಅಂದರೆ ‘ಮೆಟಬಾಲಿಕ್ ಡಿಸ್‌ಫಂಕ್ಷನ್ ಅಸೋಸಿಯೇಟೆಡ್ ಸ್ಟಿಯಾಟೋಟಿಕ್ ಲಿವರ್ ಡಿಸೀಸ್’ ಎಂದು ಬದಲಿಸಿದವು. ಸೊಂಟದ ಸುತ್ತಳತೆ, ಶುಗರ್, ಬಿಪಿ, ಟ್ರೈಗ್ಲಿಸರೈಡ್ ಇವುಗಳ ಬಳಗದಲ್ಲಿಯೇ ಇದೂ ಒಂದು ಎಂಬುದು ಹೊಸ ಹೆಸರಿನ ತಾತ್ಪರ್ಯ. ಲಿವರಿನಲ್ಲಿ ಕೊಬ್ಬು ಶೇ 5 ದಾಟಿದರೆ ಫ್ಯಾಟಿ ಲಿವರ್ ಅನ್ನುತ್ತಾರೆ. ತೆಳ್ಳಗಿದ್ದವರಿಗೂ ಬರುತ್ತದೆ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಇರುವ ನಮ್ಮವರಿಗೆ ಇನ್ನೂ ಹೆಚ್ಚು.

ದವಾಖಾನೆಯಲ್ಲಿ ಅಚ್ಚು ಹಾಕಿದ ಒಂದು ಡಯಟ್ ಹಾಳೆ ಕೊಟ್ಟರು. ಓಟ್ಸ್, ಬ್ರೊಕೊಲಿ, ಅವಕಾಡೊ, ಆಲಿವ್ ಎಣ್ಣೆ. ದುರ್ಗದ ಬೈಲಿನಲ್ಲಿ ಮೆಂತ್ಯದ ಸಿವುಡು ಮಾರುವ ಅಜ್ಜಿಯ ಮುಂದೆ ನಿಂತು ಅವಕಾಡೊ ಕೇಳುವುದನ್ನು ನೆನೆಸಿಕೊಂಡೇ ನಗು ಬಂತು. ಹಾಳೆ ಎರಡು ವಾರ ಫ್ರಿಜ್ಜಿನ ಮೇಲೆ ಇತ್ತು, ಆಮೇಲೆ ಕಾಣಲಿಲ್ಲ. ನಾನು ಡಾಕ್ಟರ್ ಅಲ್ಲ, ಅಡುಗೆ ಮಾಡುವವಳು. ನನಗೆ ಗೊತ್ತಿರುವ ದಾರಿ ಹಿಡಿದೆ: ತಿಂಗಳ ಕಿರಾಣಿ ಚೀಟಿ ಮುಂದೆ ಇಟ್ಟುಕೊಂಡು ಕೂತೆ. ಆ ಒಂದು ವರ್ಷದಲ್ಲಿ ಓದಿ, ಡಾಕ್ಟರನ್ನು ಕೇಳಿ, ತೂಗಿ ಅಳೆದು ಕಲಿತದ್ದು ಇಲ್ಲಿದೆ.

ಹೆಜ್ಜೆ 1: ರಿಪೋರ್ಟು ಸರಿಯಾಗಿ ಓದಿಕೊಳ್ಳಿ

ಗ್ರೇಡ್ 1, 2, 3 ಅಂದರೆ ಸ್ಕ್ಯಾನಿನಲ್ಲಿ ಲಿವರ್ ಎಷ್ಟು ಬೆಳ್ಳಗೆ ಕಂಡಿತು ಎನ್ನುವ ಅಂದಾಜು. ಕೊಬ್ಬು ಎಷ್ಟಿರಬಹುದು ಅಂತ ಅದು ಹೇಳುತ್ತದೆ. ಲಿವರ್ ಒಳಗೊಳಗೇ ಗಾಯವಾಗಿ ಗಟ್ಟಿಯಾಗತೊಡಗಿದೆಯೇ, ಅಂದರೆ ಫೈಬ್ರೋಸಿಸ್ ಇದೆಯೇ ಅನ್ನುವುದನ್ನು ಹೇಳುವುದಿಲ್ಲ. ಮುಂದಿನ ಅಪಾಯವೆಲ್ಲ ನಿಂತಿರುವುದು ಈ ಎರಡನೆಯದರ ಮೇಲೆ. ಗ್ರೇಡ್ 1 ಅಂತ ನಿಶ್ಚಿಂತರಾಗಿ ಕೂತವರನ್ನೂ ಗ್ರೇಡ್ 3 ಅಂತ ನಿದ್ದೆಗೆಟ್ಟವರನ್ನೂ ನೋಡಿದ್ದೇನೆ. ಇಬ್ಬರಿಗೂ ಬೇಕಾದ್ದು ಇನ್ನೊಂದು ಲೆಕ್ಕ.

ಅದಕ್ಕೆ ಫಿಬ್-4 ಅನ್ನುತ್ತಾರೆ. ವಯಸ್ಸು ಮತ್ತು ಸಾಮಾನ್ಯ ರಕ್ತ ಪರೀಕ್ಷೆಯ ಮೂರು ಸಂಖ್ಯೆ (ಲಿವರ್ ಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ, ಜೊತೆಗೆ ಪ್ಲೇಟ್‌ಲೆಟ್ ಎಣಿಕೆ) ಸಾಕು, ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ ಬರೆದಿಡಿ. ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಪ್ಲೇಟ್‌ಲೆಟ್ ಎಣಿಕೆಯಿಂದ ಗುಣಿಸಿ; ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಹಿಡಿಯಬೇಕು, 2.4 ಲಕ್ಷ ಇದ್ದರೆ 240. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಮನೆಯವರ ವಯಸ್ಸು 46, ಎಸ್‌ಜಿಒಟಿ 38, ಎಸ್‌ಜಿಪಿಟಿ 62, ಪ್ಲೇಟ್‌ಲೆಟ್ 2.4 ಲಕ್ಷ. 46×38 ಅಂದರೆ 1748. 62ರ ವರ್ಗಮೂಲ 7.87, ಅದನ್ನು 240ರಿಂದ ಗುಣಿಸಿದರೆ ಸುಮಾರು 1890. ಭಾಗಿಸಿದರೆ 0.92.

1.3ಕ್ಕಿಂತ ಕಡಿಮೆ ಬಂದರೆ ಲಿವರ್ ಹೆಚ್ಚು ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. 65 ದಾಟಿದವರಿಗೆ ಈ ಗೆರೆ 2.0. ಮೀರಿದರೆ ಹೆದರಬೇಕಾಗಿಲ್ಲ, ಆದರೆ ಡಾಕ್ಟರಿಗೆ ತೋರಿಸಿ ಫೈಬ್ರೋಸ್ಕ್ಯಾನ್, ಅಂದರೆ ಲಿವರಿನ ಗಟ್ಟಿತನ ಅಳೆಯುವ ಸ್ಕ್ಯಾನ್ ಬೇಕೇ ಅಂತ ಕೇಳಲೇಬೇಕು. ಅದರಲ್ಲಿ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದರೆ ಸಮಾಧಾನ. 35ರ ಒಳಗಿನವರಿಗೆ ಫಿಬ್-4 ಅಷ್ಟು ನೆಚ್ಚುವಂಥದ್ದಲ್ಲ. ಇದರ ಜೊತೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ. ಎಲ್ಲ ತಪ್ಪನ್ನೂ ಊಟದ ತಲೆಗೆ ಕಟ್ಟುವ ಮೊದಲು ಬೇರೆ ಕಾರಣ ಇಲ್ಲವೆಂದು ಖಾತ್ರಿಯಾಗಬೇಕು.

ಇಲ್ಲೇ ಇನ್ನೊಂದು ಮಾತು. ಶುಗರಿಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ಬದಲಿಸುವ ಮುನ್ನ ಡಾಕ್ಟರಿಗೆ ಹೇಳಿ. ಊಟ ಇಳಿದು ಔಷಧ ಹಾಗೇ ಉಳಿದರೆ ಶುಗರ್ ಧೊಪ್ಪನೆ ಬೀಳಬಹುದು. ಸಿರೋಸಿಸ್, ಅಂದರೆ ಲಿವರ್ ಗಾಯವಾಗಿ ಪೂರ್ತಿ ಗಟ್ಟಿಯಾದ ಹಂತ ಮುಟ್ಟಿದೆ ಎಂದು ಹೇಳಿಸಿಕೊಂಡವರಿಗೆ ಈ ಲೇಖನ ಅಲ್ಲವೇ ಅಲ್ಲ. ಅವರು ಉಪವಾಸ ಇರಬಾರದು, ಪ್ರೊಟೀನ್ ಬಿಡಬಾರದು, ರಾತ್ರಿ ಮಲಗುವ ಮುನ್ನವೂ ಏನಾದರೂ ತಿನ್ನಬೇಕಾಗುತ್ತದೆ. ಅವರ ದಾರಿ ಬೇರೆ.

ಹೆಜ್ಜೆ 2: ಟೇಪು, ತಕ್ಕಡಿ, ಗುರಿ

ಹೊಕ್ಕುಳದ ಮಟ್ಟದಲ್ಲಿ ಟೇಪು ಸುತ್ತಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಗೆರೆ. ಹೊಟ್ಟೆ ಒಳಗೆ ಎಳೆದುಕೊಂಡು ಅಳತೆ ಕೊಡುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಉಸಿರು ಬಿಟ್ಟ ಮೇಲೆ ಅಳೆಯಿರಿ.

ಗುರಿ ತೂಕದ ಶೇಕಡಾವಾರು ಲೆಕ್ಕದಲ್ಲಿ ಇರಲಿ. ಶೇ 5 ಇಳಿದರೆ ಲಿವರಿನ ಕೊಬ್ಬು ಕರಗತೊಡಗುತ್ತದೆ. ಶೇ 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ. 82 ಕಿಲೋ ಇರುವವರಿಗೆ ಮೊದಲ ಮೆಟ್ಟಿಲು 4 ಕಿಲೋ, ಕೊನೆಯದು 8 ಕಿಲೋ. 2015ರಲ್ಲಿ ಪ್ರಕಟವಾದ ಕ್ಯೂಬಾದ ಅಧ್ಯಯನವೊಂದರಲ್ಲಿ 293 ರೋಗಿಗಳನ್ನು ಒಂದು ವರ್ಷ ಗಮನಿಸಿದ್ದರು. ಶೇ 10ರಷ್ಟು ತೂಕ ಇಳಿಸಿದವರಲ್ಲಿ ಶೇ 90 ಮಂದಿಯ ಲಿವರ್ ಉರಿಯೂತ ಹೋಗಿತ್ತು, ಶೇ 45 ಮಂದಿಯಲ್ಲಿ ಗಾಯದ ಗಟ್ಟಿತನವೂ ಹಿಂದಕ್ಕೆ ಸರಿದಿತ್ತು. ಆದರೆ ಅಷ್ಟು ಇಳಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ! ಇದು ಕಷ್ಟದ ಕೆಲಸ ಅಂತ ಮೊದಲೇ ಒಪ್ಪಿಕೊಂಡರೆ ಮನೆಯಲ್ಲಿ ಜಗಳ ಕಡಿಮೆ.

ವಾರಕ್ಕೆ ಅರ್ಧ ಕಿಲೋ ಸಾಕು. ‘ಹತ್ತು ದಿನದಲ್ಲಿ ಹತ್ತು ಕಿಲೋ’ ಎನ್ನುವ ಪುಡಿ, ಶೇಕುಗಳ ಹತ್ತಿರ ಹೋಗಬೇಡಿ. ಒಮ್ಮೆಲೇ ತೂಕ ಇಳಿದರೆ ಪಿತ್ತಕೋಶದಲ್ಲಿ ಹರಳಾಗಬಹುದು, ಲಿವರಿಗೂ ಪೆಟ್ಟಾಗಬಹುದು.

ಹೆಜ್ಜೆ 3: ಚೀಟಿಯ ಮೊದಲ ಸಾಲು, ಸಕ್ಕರೆ

ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ 5 ಕಿಲೋ ಸಕ್ಕರೆ ಬರುತ್ತಿತ್ತು. ಹೆಚ್ಚು ಅಂತ ಯಾವತ್ತೂ ಅನ್ನಿಸಿರಲಿಲ್ಲ. 5000 ಗ್ರಾಮನ್ನು ನಾಲ್ಕು ತಲೆಗೆ, ಮೂವತ್ತು ದಿನಕ್ಕೆ ಹಂಚಿ ನೋಡಿದೆ: ತಲಾ ದಿನಕ್ಕೆ ಸುಮಾರು 42 ಗ್ರಾಂ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಹೇಳುವ ಮಿತಿ 25 ಗ್ರಾಂ. ನಮ್ಮ ಆ 42 ಗ್ರಾಮಿನಲ್ಲಿ ಬಿಸ್ಕಿಟ್ಟು, ಬೇಕರಿ, ಹೊರಗಿನ ಚಹಾ, ಪೇಢೆ ಯಾವುದೂ ಸೇರಿಲ್ಲ.

ಅಂಕಿ ಹೇಳಿದರೆ ಮನೆಯವರು “ಹೂಂ” ಅಂದು ಪೇಪರ್ ತಿರುವಿದರು. ಮರುದಿನ ಒಂದು ಖಾಲಿ ವಾಟಗಾ ಒಲೆಯ ಹತ್ತಿರ ಇಟ್ಟೆ. ಅವರಿಗೆ ಚಹಾ ಸೋಸಿದಾಗಲೆಲ್ಲ, ಅದಕ್ಕೆ ಹಾಕಿದಷ್ಟೇ ಸಕ್ಕರೆಯನ್ನು ವಾಟಗಾಕ್ಕೂ ಹಾಕುತ್ತ ಹೋದೆ. ಮುಂಜಾನೆ ಎರಡು ಸಲ, ಅಂಗಡಿಗೆ ಹೋಗಿ ಬಂದು ಎರಡು ಸಲ, ರಾತ್ರಿ ಊಟಕ್ಕೆ ಮೊದಲು ಒಂದು. ಐದು ಚಹಾ, ಹತ್ತು ಚಮಚೆ. ತಾಟಿನ ಪಕ್ಕಕ್ಕೆ ವಾಟಗಾ ಇಟ್ಟೆ. ಮುಕ್ಕಾಲು ತುಂಬಿತ್ತು. ಅವರು ಬೆರಳಿನಿಂದ ಒತ್ತಿ ನೋಡಿ, “ಇದು ಒಬ್ಬನದ?” ಅಂದರು. ಅಂಗಡಿಯಲ್ಲಿ ಕುಡಿದದ್ದು ಇದರಲ್ಲಿಲ್ಲ ಅಂತ ನಾನು ಹೇಳಲು ಹೋಗಲಿಲ್ಲ.

ಸಕ್ಕರೆಯೇ ಮೊದಲು ಯಾಕೆ? ಸಕ್ಕರೆಯಲ್ಲಿ ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್. ಗ್ಲುಕೋಸನ್ನು ಮೈಯೆಲ್ಲ ಹಂಚಿಕೊಂಡು ಉರಿಸುತ್ತದೆ. ಫ್ರಕ್ಟೋಸಿನ ಬಹುಪಾಲು ಲಿವರಿನ ಪಾಲಿಗೇ ಬರುತ್ತದೆ. ಹೆಚ್ಚಾದದ್ದನ್ನು ಲಿವರ್ ಕೊಬ್ಬು ಮಾಡಿ ಅಲ್ಲೇ ಇಟ್ಟುಕೊಳ್ಳುತ್ತದೆ. ಅಮೆರಿಕದ ಒಂದು ಚಿಕ್ಕ ಅಧ್ಯಯನ 2005ರಲ್ಲಿ ಈ ಕೊಬ್ಬಿನ ಮೂಲ ಹುಡುಕಿತ್ತು. ಸುಮಾರು ಶೇ 59 ಮೈಯ ಕೊಬ್ಬಿನ ದಾಸ್ತಾನಿನಿಂದ ರಕ್ತದ ಮೂಲಕ ಬಂದದ್ದು. ಶೇ 26 ಲಿವರ್ ತಾನೇ ಸಕ್ಕರೆ, ಪಿಷ್ಟಗಳಿಂದ ತಯಾರಿಸಿಕೊಂಡದ್ದು. ಊಟದಲ್ಲಿ ತಿಂದ ಎಣ್ಣೆ, ತುಪ್ಪದಿಂದ ನೇರ ಬಂದದ್ದು ಶೇ 15. ಭಜಿಗೆ ಬೈಯುತ್ತ ಸಕ್ಕರೆ ಚಹಾ ಕುಡಿಯುವವರು ಇದನ್ನು ಗಮನಿಸಬೇಕು.

ಇಳಿಸುವ ಕ್ರಮ: ಒಂದೇ ದಿನಕ್ಕೆ ಸಪ್ಪೆ ಚಹಾ ಕೊಟ್ಟರೆ ಅವರು ಮೂಲೆ ಅಂಗಡಿಗೆ ಹೋಗುತ್ತಾರೆ. ವಾರಕ್ಕೆ ಅರ್ಧ ಚಮಚೆ ಕಡಿಮೆ ಮಾಡಿ. ಹಾಲು, ಪುಡಿಯ ಜೊತೆ ಸಕ್ಕರೆ ಕುದಿಸುವುದು ಬಿಟ್ಟು, ಸೋಸಿದ ಮೇಲೆ ಕಪ್ಪಿಗೆ ಹಾಕಿ. ಆಗ ಅಳತೆ ಕಣ್ಣಿಗೆ ಕಾಣುತ್ತದೆ. ಶುಂಠಿ, ಯಾಲಕ್ಕಿ ಹಾಕಿದರೆ ಸಪ್ಪೆತನ ಅಷ್ಟು ಗೊತ್ತಾಗುವುದಿಲ್ಲ. ಐದು ಚಹಾ ಮೂರಕ್ಕೆ ಇಳಿಯಲು ನಮಗೆ ಎರಡು ತಿಂಗಳು ಹಿಡಿಯಿತು. ಈಗ ಚೀಟಿಯಲ್ಲಿ ಸಕ್ಕರೆ 2 ಕಿಲೋ.

ಬೆಲ್ಲದ ಚಹಾದ ಬೋರ್ಡು ಈಗ ಊರ ತುಂಬ. ಬೆಲ್ಲವೂ ಲಿವರಿನ ಲೆಕ್ಕದಲ್ಲಿ ಸಕ್ಕರೆಯೇ, ಜೇನೂ ಅಷ್ಟೇ. ಮುಂಜಾನೆ ಬಿಸಿನೀರಿಗೆ ಲಿಂಬು, ಜೇನು ಹಾಕಿ ಕುಡಿದು ‘ಲಿವರ್ ತೊಳೆಯುತ್ತೇವೆ’ ಅನ್ನುವವರು ಜೇನನ್ನಾದರೂ ಬಿಡಲಿ. ಒಂದು ದೊಡ್ಡ ಗ್ಲಾಸ್ ಕಬ್ಬಿನ ಹಾಲಿನಲ್ಲಿ, 300 ಮಿಲಿ ಕೋಲಾ ಬಾಟಲಿಯಲ್ಲಿ 30 ಗ್ರಾಮಿಗೂ ಹೆಚ್ಚು ಸಕ್ಕರೆ ಇರುತ್ತದೆ. ಹಣ್ಣಿನ ರಸವೂ ಬೇಡ, ಇಡೀ ಹಣ್ಣು ಬೇಕು: ಪೇರಲ, ಕಿತ್ತಳೆ, ಪಪ್ಪಾಯಿ, ದಿನಕ್ಕೆ ಒಂದೆರಡು. ಇಡೀ ಹಣ್ಣಿನಲ್ಲಿ ನಾರು ಇರುತ್ತದೆ, ಅಗಿಯಬೇಕಾಗುತ್ತದೆ, ಅಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಧಾರವಾಡದ ಆಪೂಸು ಬಂದಾಗ ಅರ್ಧ ಹಣ್ಣು ಹೋಳು ಮಾಡಿ ತಿನ್ನಿ. ಸೀಕರಣಿ ಮಾಡಿ ವಾಟಗಾ ವಾಟಗಾ ಬಡಿಸಿದರೆ ಮೂರು ಹಣ್ಣು, ಮೇಲೆ ಸಕ್ಕರೆ, ಗೊತ್ತಾಗದಂತೆ ಇಳಿಯುತ್ತದೆ.

ಹೆಜ್ಜೆ 4: ತಾಟು ತಿರುಗಿಸಿ

ನಮ್ಮ ಕಡೆಯ ಊಟ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ; ಜೋಳದ ರೊಟ್ಟಿ, ಕಾಳುಪಲ್ಯ, ಪಚಡಿ, ಅಗಸಿ ಚಟ್ನಿ, ಮಜ್ಜಿಗೆ. ಇದರಲ್ಲಿ ತಪ್ಪೇನಿಲ್ಲ, ತಪ್ಪಿರುವುದು ಪ್ರಮಾಣದಲ್ಲಿ. ಹೊಲದಲ್ಲಿ ದಿನವಿಡೀ ದುಡಿದವರ ತಾಟು ಅದು. ಅಂಗಡಿಯ ಗಲ್ಲಾದ ಮುಂದೆ ಕೂತವರಿಗೂ ಅದೇ ತಾಟು ಬಡಿಸುತ್ತ ಬಂದಿದ್ದೇವೆ, ಮೇಲೆ “ಸ್ವಲ್ಪ ಅನ್ನ ಸಾರು” ಇಲ್ಲದಿದ್ದರೆ ಊಟ ಮುಗಿದಂತೆಯೇ ಅಲ್ಲ.

ಒಂದು ದಿನ ರೊಟ್ಟಿ ಬಡಿಯುವ ಮುಂಚೆ ಹಿಟ್ಟು ತೂಗಿದೆ. ಒಂದು ರೊಟ್ಟಿಗೆ 60 ಗ್ರಾಂ ಜೋಳದ ಹಿಟ್ಟು. 100 ಗ್ರಾಂ ಜೋಳದಲ್ಲಿ ಸುಮಾರು 330 ಕ್ಯಾಲರಿ, 10 ಗ್ರಾಂ ಪ್ರೊಟೀನ್, 10 ಗ್ರಾಂ ನಾರು ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಮಿನ ಆಸುಪಾಸು. ಅಂದರೆ ರೊಟ್ಟಿ ಅನ್ನಕ್ಕಿಂತ ಮೇಲು, ಸಂಶಯವಿಲ್ಲ. ಆದರೆ ಒಂದು ರೊಟ್ಟಿ 200 ಕ್ಯಾಲರಿ. ನಾಲ್ಕು ರೊಟ್ಟಿ ಉಂಡು “ರೊಟ್ಟಿ ಹಗುರ” ಅಂದರೆ 800 ಕ್ಯಾಲರಿ ಹಗುರವಾಗುವುದಿಲ್ಲ. ಕಟಕ ರೊಟ್ಟಿಯಂತೂ ಮಾತಾಡುತ್ತ ಮುರಿಯುತ್ತ ಆರು ಖರ್ಚಾಗುತ್ತವೆ.

ಆದ್ದರಿಂದ ನಮ್ಮ ಮನೆಯ ನಿಯಮ: ರೊಟ್ಟಿಗೆ ಪಲ್ಯ ಅಲ್ಲ, ಪಲ್ಯಕ್ಕೆ ರೊಟ್ಟಿ. ತಾಟಿನ ಅರ್ಧ ಭಾಗಕ್ಕೆ ತಪ್ಪಲು ಪಲ್ಯ, ಕಾಯಿಪಲ್ಯ, ಪಚಡಿ. ಕಾಲು ಭಾಗ ಕಾಳು, ಝುಣಕ, ತತ್ತಿ ಅಥವಾ ಮೀನು. ಉಳಿದ ಕಾಲು ಭಾಗಕ್ಕೆ ರೊಟ್ಟಿ, ಎರಡು ಸಾಕು. ಬಡಿಸುವ ಕ್ರಮವನ್ನೂ ಬದಲಿಸಿದೆ: ಮೊದಲು ಪಚಡಿ, ಕಾಳುಪಲ್ಯ ತಾಟಿಗೆ ಬರುತ್ತವೆ, ಅರ್ಧ ಖಾಲಿಯಾದ ಮೇಲೆ ಬಿಸಿ ರೊಟ್ಟಿ. ಹಸಿವು ಅಷ್ಟರಲ್ಲಿ ಸ್ವಲ್ಪ ಕೂತಿರುತ್ತದೆ.

ಅನ್ನ ಮತ್ತು ರೊಟ್ಟಿ ಎರಡರಲ್ಲಿ ಒಂದು. ಇದಕ್ಕೆ ನಮ್ಮಲ್ಲಿ ದೊಡ್ಡ ವಿರೋಧ ಅತ್ತೆಯವರದು. “ಅನ್ನ ಮುಟ್ಟದ ಏಳಬಾರದು” ಅನ್ನುವ ಕಾಲದವರು. ಒಂದು ಸೌಟು ಅನ್ನಕ್ಕೆ ಮಜ್ಜಿಗೆ ಹೆಚ್ಚು ಮಾಡಿ ರಾಜಿಯಾದೆವು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಕೂಡ ದಿನದ ಕ್ಯಾಲರಿಯಲ್ಲಿ ಧಾನ್ಯದ ಪಾಲು ಶೇ 45 ಮೀರದಿರಲಿ ಅನ್ನುತ್ತದೆ. ರೊಟ್ಟಿ, ಚಪಾತಿ, ಅನ್ನ, ಅವಲಕ್ಕಿ, ಚುರುಮುರಿ, ಉಪ್ಪಿಟ್ಟು ಎಲ್ಲ ಈ ಒಂದೇ ಖಾತೆಗೆ. ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ ಅನ್ನ, ಸಂಜೆ ಗಿರಮಿಟ್ಟು, ರಾತ್ರಿ ಮತ್ತೆ ಅನ್ನ ಅಂದರೆ ಖಾತೆ ಎಲ್ಲಿಗೆ ಹೋಯಿತು ನೋಡಿ.

ಪ್ರೊಟೀನು ನಮ್ಮ ಸಸ್ಯಾಹಾರಿ ಮನೆಗಳ ದುರ್ಬಲ ಜಾಗ. ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಗ್ರಾಂ ಗುರಿ ಇಟ್ಟುಕೊಳ್ಳಿ. 30 ಗ್ರಾಂ ಒಣ ಹೆಸರುಕಾಳು ನೆನೆಸಿ ಬೇಯಿಸಿದರೆ ಒಂದು ವಾಟಗಾ ಆಗುತ್ತದೆ, 7 ಗ್ರಾಂ ಪ್ರೊಟೀನ್. ಒಂದು ತತ್ತಿಯಲ್ಲಿ 6, ಒಂದು ವಾಟಗಾ ಮೊಸರಿನಲ್ಲಿ 5, ಒಂದು ಮುಷ್ಟಿ ಶೇಂಗಾದಲ್ಲಿ 7. ನೀರು ನೀರಾದ ಬೇಳೆಸಾರಿನಲ್ಲಿ ಏನೂ ಇಲ್ಲದಷ್ಟು. ಕಿರಾಣಿ ಚೀಟಿಯಲ್ಲಿ ಅಕ್ಕಿ 15 ಕಿಲೋದಿಂದ 8ಕ್ಕೆ ಇಳಿದಾಗ ಹೆಸರು, ಮಡಕಿ, ಅಲಸಂದಿ, ಕಡಲೆ ತಲಾ ಒಂದೊಂದು ಕಿಲೋ ಏರಿದವು. ದುಡ್ಡಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಮಸಮ.

ತಪ್ಪಲು ಪಲ್ಯಕ್ಕೆ ಗದಗ, ಹಾವೇರಿ, ಧಾರವಾಡದ ಸಂತೆಯಂಥ ಜಾಗ ಇನ್ನೆಲ್ಲಿದೆ? ಪುಂಡಿ, ಮೆಂತ್ಯ, ರಾಜಗಿರಿ, ಸಬ್ಬಸಗಿ, ಕಿರಕಸಾಲಿ, ಮಳೆಗಾಲ ಮುಗಿದ ಮೇಲೆ ಹತ್ತರಕಿ. ಮೆಂತ್ಯದ ಎಳೆ ತಪ್ಪಲನ್ನು ಉಳ್ಳಾಗಡ್ಡಿ, ಸವತಿಕಾಯಿ, ಹಸಿ ಖಾರ ಹಾಕಿ ಹಾಗೇ ಪಚಡಿ ಮಾಡಿ. ಪುಂಡಿಪಲ್ಯಕ್ಕೆ ಮಾತ್ರ ಕೈ ಬಿಗಿ ಇರಲಿ. ಅದರ ರುಚಿಯ ಹೆಸರಿನಲ್ಲಿ ಎಷ್ಟು ಎಣ್ಣೆ ಸುರಿಯುತ್ತೇವೆ ಅಂತ ಬುಟ್ಟಿ ತೊಳೆಯುವವರಿಗೆ ಗೊತ್ತು.

ಹೆಜ್ಜೆ 5: ಎಣ್ಣೆ

ಸಕ್ಕರೆಯೊಂದೇ ಖಳನಾಯಕ ಅನ್ನುವುದೂ ಅರ್ಧ ಸತ್ಯ. 2018ರಲ್ಲಿ ಫಿನ್ಲೆಂಡಿನಲ್ಲಿ 38 ಜನರಿಗೆ ಮೂರು ವಾರ, ದಿನಕ್ಕೆ 1000 ಕ್ಯಾಲರಿ ಹೆಚ್ಚು ತಿನ್ನಿಸಿ ನೋಡಿದರು. ಬೆಣ್ಣೆ, ಕೊಬ್ಬರಿ ಎಣ್ಣೆಯಂಥ ಸ್ಯಾಚುರೇಟೆಡ್ ಕೊಬ್ಬು ತಿಂದವರ ಲಿವರಿನ ಕೊಬ್ಬು ಶೇ 55 ಏರಿತು, ಸಕ್ಕರೆ ತಿಂದವರದು ಶೇ 33, ಎಣ್ಣೆಬೀಜಗಳ ಅನ್‌ಸ್ಯಾಚುರೇಟೆಡ್ ಕೊಬ್ಬು ತಿಂದವರದು ಶೇ 15. ಹೆಚ್ಚು ತಿಂದರೆ ಎಲ್ಲವೂ ಏರಿಸುತ್ತದೆ, ಆದರೆ ಒಂದೇ ಸಮ ಅಲ್ಲ. ಬೆಣ್ಣೆ ದೋಸೆ, ತುಪ್ಪದ ಧಾರೆ, ಬೇಕರಿಯ ಖಾರಿ, ಪಾಮ್ ಎಣ್ಣೆಯಲ್ಲಿ ಕರಿದ ಪ್ಯಾಕೆಟ್ ತಿಂಡಿ ಇವು ಹಿಂದಕ್ಕೆ ಸರಿಯಲಿ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಇರಲಿ, ಅಳತೆಯಲ್ಲಿ.

ಅಳತೆ ಅಂದರೆ ತಲೆಗೆ ದಿನಕ್ಕೆ ನಾಲ್ಕು ಚಮಚೆ, 20 ಮಿಲಿ. ನಾಲ್ಕು ಜನಕ್ಕೆ ತಿಂಗಳಿಗೆ 2.4 ಲೀಟರ್. ನಮ್ಮಲ್ಲಿ 5 ಲೀಟರಿನ ಕ್ಯಾನು ತಿಂಗಳು ತುಂಬುವುದರೊಳಗೆ ಮುಗಿಯುತ್ತಿತ್ತು. ಈಗ ಒಂದನೇ ತಾರೀಕಿಗೆ ಎರಡೂವರೆ ಲೀಟರ್ ಬೇರೆ ಡಬ್ಬಿಗೆ ಸುರಿದಿಡುತ್ತೇನೆ. 20ನೇ ತಾರೀಕಿಗೆ ತಳ ಕಂಡರೆ ಉಳಿದ ದಿನ ಒಗ್ಗರಣೆಗಷ್ಟೇ. ಮೊದಲೆರಡು ತಿಂಗಳು ಎಣಗಾಯಿ ಬಾಡಿದಂತೆ ಕಂಡಿತು. ಆಮೇಲೆ ಮುಚ್ಚಳದ ಮೇಲೆ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸುವುದು ಕಲಿತೆ.

ಹೆಜ್ಜೆ 6: ಪೋಷಕಾಂಶದ ಮಾತು, ಮಾತ್ರೆಯ ಮೋಹ

ಕೋಲೀನ್ ಎಂಬ ಪೋಷಕಾಂಶ ಇಲ್ಲದಿದ್ದರೆ ಲಿವರ್ ತನ್ನೊಳಗಿನ ಕೊಬ್ಬನ್ನು ಹೊರಕ್ಕೆ ಸಾಗಿಸಲಾರದು. ತತ್ತಿಯ ಹಳದಿಯಲ್ಲಿ ಅದು ಸಮೃದ್ಧ, ಒಂದು ತತ್ತಿಯಲ್ಲಿ 140 ಮಿಲಿಗ್ರಾಮಿನಷ್ಟು. ಹಳದಿ ತೆಗೆದು ಎಸೆಯುವವರು ಅದನ್ನೇ ಎಸೆಯುತ್ತಾರೆ. ತತ್ತಿ ತಿನ್ನದವರಿಗೆ ಸೋಯಾ, ಕಾಳು, ಶೇಂಗಾ, ಹೂಕೋಸಿನಲ್ಲಿ ಸ್ವಲ್ಪ ಸ್ವಲ್ಪ ಸಿಗುತ್ತದೆ.

ಒಮೆಗಾ-3 ಲಿವರಿನ ಕೊಬ್ಬನ್ನು ಸ್ವಲ್ಪ ತಗ್ಗಿಸುತ್ತದೆ. ಮೀನು ತಿನ್ನುವವರಿಗೆ ಕಾರವಾರದ ಕಡೆಯಿಂದ ಬರುವ ಬಂಗಡೆ, ತಾರ್ಲಿ ಒಳ್ಳೆಯವು. ಕರಿಯಬೇಡಿ, ಸಾರು ಮಾಡಿ. ನಮಗೆ ಅಗಸಿ. ಅಗಸಿಯಲ್ಲಿರುವ ಒಮೆಗಾ-3 ಮೀನಿನದರಷ್ಟು ಕೆಲಸಕ್ಕೆ ಬರುವುದಿಲ್ಲ ನಿಜ, ಆದರೆ ನಾರೂ ಜೊತೆಗೆ ಸಿಗುತ್ತದೆ. ಇಡೀ ಬೀಜ ಹಾಗೇ ಹೊಟ್ಟೆ ದಾಟಿ ಹೋಗುತ್ತದೆ. ಹುರಿದು ಪುಡಿ ಮಾಡಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ಚಟ್ನಿ ಮಾಡಬೇಕು. ದಿನಕ್ಕೆ ಒಂದು ದೊಡ್ಡ ಚಮಚೆ. ಹದಿನೈದು ದಿನಕ್ಕಾಗುವಷ್ಟೇ ಕುಟ್ಟಿ, ಹೆಚ್ಚಾದರೆ ಕಮಟು ಹಿಡಿಯುತ್ತದೆ.

ಕಾಫಿ ಲಿವರಿಗೆ ಹಿತ ಎಂದು ಅನೇಕ ಅಧ್ಯಯನಗಳು ಹೇಳಿವೆ. ದಿನಕ್ಕೆ ಎರಡು ಮೂರು ಕಪ್ಪು ಕುಡಿಯುವವರಲ್ಲಿ ಫೈಬ್ರೋಸಿಸ್ ಕಡಿಮೆ ಕಂಡಿದೆ. ಸಕ್ಕರೆ ಇಲ್ಲದ್ದು, ಇದ್ದರೆ ಸ್ವಲ್ಪ ಹಾಲು. ಚಹಾದ ಊರಿನಲ್ಲಿ ಇದನ್ನು ಹೇಳುವುದು ಕಷ್ಟ. ನಿದ್ದೆ ಕೆಡುವವರು, ಎದೆ ಹೊಡೆದುಕೊಳ್ಳುವವರು ಇದಕ್ಕಾಗಿ ಕಾಫಿ ಕಲಿಯಬೇಕಿಲ್ಲ.

ವಿಟಮಿನ್ ಇ ಮಾತ್ರೆಯನ್ನು ಔಷಧಿ ಅಂಗಡಿಯವರೇ ಕೊಟ್ಟುಬಿಡುತ್ತಾರೆ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 800 ಐಯು ಕೊಟ್ಟಾಗ, ಡಯಾಬಿಟಿಸ್ ಇಲ್ಲದ, ಲಿವರ್ ಉರಿಯೂತ ಖಾತ್ರಿಯಾದ ಕೆಲವರಿಗೆ ಉಪಯೋಗವಾಯಿತು. ಆದರೆ ಆ ಪ್ರಮಾಣದಲ್ಲಿ ದೀರ್ಘಕಾಲ ತಿಂದರೆ ಪ್ರಾಸ್ಟೇಟ್ ಕ್ಯಾನ್ಸರ್, ಮಿದುಳಿನ ರಕ್ತಸ್ರಾವದ ಆತಂಕವೂ ಇದೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಶೇಂಗಾ, ಬಾದಾಮಿ, ಎಣ್ಣೆಬೀಜಗಳಿಂದ ಬರುವ ವಿಟಮಿನ್ ಇಗೆ ಈ ಭಯವಿಲ್ಲ. ಶುಗರಿಗೆ ಮೆಟ್‌ಫಾರ್ಮಿನ್ ನುಂಗುವ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸಿಕೊಳ್ಳಿ, ಆ ಮಾತ್ರೆ ಬಿ12 ಇಳಿಸುತ್ತದೆ. ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಯನ್ನು ‘ಲಿವರಿಗೆ ಕೆಟ್ಟದ್ದು’ ಎಂದು ತಾವೇ ನಿಲ್ಲಿಸುವವರಿದ್ದಾರೆ; ಫ್ಯಾಟಿ ಲಿವರ್ ಇದ್ದರೂ ಅದನ್ನು ತೆಗೆದುಕೊಳ್ಳಬಹುದು, ಕೇಳದೆ ಬಿಡಬೇಡಿ.

ಕಷಾಯಗಳ ಬಗ್ಗೆ ಸಿಟ್ಟು ಬರುವಂತೆ ಹೇಳಬೇಕಾಗುತ್ತದೆ. ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಯಾರು ಸರಿ ಎಂಬ ವಾದ ಅವರಿಗಿರಲಿ. ಈಗಾಗಲೇ ಊದಿಕೊಂಡ ಲಿವರನ್ನು ಆ ವಾದಕ್ಕೆ ಪ್ರಯೋಗಶಾಲೆ ಮಾಡಬೇಡಿ. ಏನೇ ಕುಡಿಯುತ್ತಿದ್ದರೂ ಡಾಕ್ಟರಿಗೆ ಹೆಸರು ಹೇಳಿ.

ಹೆಂಡದ ವಿಷಯ ಒಂದೇ ಸಾಲು: ಪೂರ್ತಿ ಬಿಡಿ.

ಹೆಜ್ಜೆ 7: ಹಬ್ಬ, ಲಗ್ನ, ಸಂಜೆಯ ಮಿರ್ಚಿ

ಮಿರ್ಚಿ ಭಜಿ ಬಿಡಿ ಅಂತ ನಾನು ಬರೆಯಲಾರೆ, ಬರೆದರೆ ಹುಬ್ಬಳ್ಳಿಯವರು ಓದುವುದಿಲ್ಲ. ರವಿವಾರ ಒಂದು ಮಿರ್ಚಿ ಯಾರ ಲಿವರನ್ನೂ ಹಾಳು ಮಾಡಿಲ್ಲ. ದಿನಾ ಸಂಜೆ ಒಂದು ಪ್ಲೇಟು ಗಿರಮಿಟ್ಟು, ಎರಡು ಮಿರ್ಚಿ, ಮೇಲೊಂದು ಚಹಾ ಅಂದರೆ ಅದು ಇನ್ನೊಂದು ಊಟ. ಕಪ್ಪಾದ ಎಣ್ಣೆಯ ಬಾಣಲೆ ಕಂಡರೆ ಮುಂದೆ ನಡೆಯಿರಿ. ಐದು ಗಂಟೆಯ ಹಸಿವಿಗೆ ಅಂಗಡಿಯ ಗಲ್ಲಾದಲ್ಲಿ ಹುರಿದ ಕಡಲೆಯ ಡಬ್ಬಿ ಇಟ್ಟಿರಿ.

ನಾಗಪಂಚಮಿಗೆ ಉಂಡಿಗಳ ಡಬ್ಬಿ ತಿಂಗಳು ತುಂಬ ಖಾಲಿಯಾಗುವುದಿಲ್ಲ. ಈಗ ನಾನು ಉಂಡಿ ಲಿಂಬೆಹಣ್ಣಿನ ಗಾತ್ರಕ್ಕೆ ಕಟ್ಟುತ್ತೇನೆ, ಬೀಗರ ಮನೆಗೆ ಮೊದಲು ಕಳಿಸಿಬಿಡುತ್ತೇನೆ. ಹೋಳಿಗೆಯ ದಿನ ಅನ್ನ ಇಲ್ಲ. ಯಾರೋ ತಂದ ಧಾರವಾಡ ಪೇಢೆಯ ಪೆಟ್ಟಿಗೆ ಮೇಜಿನ ಮೇಲೆ ಇರಬಾರದು. ಕಣ್ಣಿಗೆ ಬಿದ್ದರೆ ಕೈಗೆ ಬೀಳುತ್ತದೆ.

ಉಪವಾಸದ್ದೊಂದು ತಮಾಷೆ. ಶ್ರಾವಣ ಸೋಮವಾರ ಅಂತ ಮಧ್ಯಾಹ್ನ ಸಾಬೂದಾಣಿ ಖಿಚಡಿ, ಸಂಜೆ ಬಟಾಟೆ, ರಾತ್ರಿ ಬಾಳೆಹಣ್ಣು, ಹಾಲು ಸಕ್ಕರೆ. ಲಿವರಿಗೆ ಅದು ಹಬ್ಬವೇ. ಒಪ್ಪೊತ್ತು ಇರುವುದಾದರೆ ನಿಜವಾಗಿಯೂ ಒಪ್ಪೊತ್ತು ಇರಿ. 16 ಗಂಟೆ ಹಸಿದಿರುವ ಪದ್ಧತಿಯ ಗುಟ್ಟೂ ಕ್ಯಾಲರಿ ಇಳಿಯುವುದರಲ್ಲಿಯೇ ಇದೆ. ಉಳಿದ ಎಂಟು ಗಂಟೆಯಲ್ಲಿ ಸೇಡು ತೀರಿಸಿಕೊಂಡರೆ ಏನೂ ಉಪಯೋಗವಿಲ್ಲ.

ಹೆಜ್ಜೆ 8: ನಡಿಗೆ

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ತೂಕ ಇಳಿಯದಿದ್ದರೂ ವ್ಯಾಯಾಮವೊಂದರಿಂದಲೇ ಲಿವರಿನ ಕೊಬ್ಬು ಸ್ವಲ್ಪ ಕರಗುತ್ತದೆ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ, ಧಾರವಾಡದವರಿಗೆ ವಿಶ್ವವಿದ್ಯಾಲಯದ ಆವರಣ, ಎಲ್ಲಾದರೂ ಸರಿ. ನಡೆದ ಮೇಲೆ ಗೆಳೆಯರ ಜೊತೆ ಇಡ್ಲಿ ವಡಾ ಇಲ್ಲದಿದ್ದರೆ ಸರಿ. ರಾತ್ರಿ ಊಟದ ನಂತರ ಹದಿನೈದು ನಿಮಿಷ ಓಣಿಯಲ್ಲಿ ಸುತ್ತಿದರೂ ಶುಗರ್ ಏರಿಕೆ ತಗ್ಗುತ್ತದೆ. ವಾರಕ್ಕೆರಡು ದಿನ ಬೈಠಕ್, ದಂಡ. ಸ್ನಾಯು ಬೆಳೆದಷ್ಟು ಸಕ್ಕರೆಗೆ ಹೋಗಲು ಬೇರೆ ಜಾಗ ಸಿಗುತ್ತದೆ.

ಹೆಜ್ಜೆ 9: ಮತ್ತೆ ಪರೀಕ್ಷೆ

ಕಣ್ಣು ಹಳದಿಯಾದರೆ, ಹೊಟ್ಟೆ ನೀರು ತುಂಬಿದಂತೆ ಉಬ್ಬಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಮಾತು ತಡಬಡಿಸಿದರೆ ಊಟದ ಲೆಕ್ಕ ಬಿಟ್ಟು ಆ ಕ್ಷಣವೇ ದವಾಖಾನೆಗೆ ಹೋಗಿ. ಹಾಗೇನೂ ಇಲ್ಲದಿದ್ದರೆ ಮೂರು ತಿಂಗಳಿಗೆ ರಕ್ತ ಪರೀಕ್ಷೆ, ಆರು ತಿಂಗಳಿಂದ ವರ್ಷದೊಳಗೆ ಡಾಕ್ಟರ್ ಹೇಳಿದಂತೆ ಸ್ಕ್ಯಾನ್. 2024ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಮುಂದುವರಿದ ಹಂತಕ್ಕೆ ರೆಸ್ಮೆಟಿರಾಮ್ ಎಂಬ ಮೊದಲ ಔಷಧಕ್ಕೆ ಅನುಮತಿ ಸಿಕ್ಕಿತು. ಅದನ್ನೂ ಪಥ್ಯ, ವ್ಯಾಯಾಮದ ಜೊತೆಗೇ ಕೊಡಬೇಕು ಎಂದಿದ್ದಾರೆ. ನಮ್ಮ ದೇಶದಲ್ಲಿ 2021ರಿಂದ ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಫ್ಯಾಟಿ ಲಿವರನ್ನೂ ಸೇರಿಸಲಾಗಿದೆ. ದುಡ್ಡಿನ ಅಡಚಣೆ ಇದ್ದವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತೋರಿಸುವಾಗ ಈ ಮಾತನ್ನೂ ಎತ್ತಿ.

ನಮ್ಮ ಮನೆಯವರು ಎಂಟು ತಿಂಗಳಲ್ಲಿ 82ರಿಂದ 76ಕ್ಕೆ ಬಂದರು. ಎಸ್‌ಜಿಪಿಟಿ 62 ಇದ್ದದ್ದು 36. ಸ್ಕ್ಯಾನಿನಲ್ಲಿ ಗ್ರೇಡ್ 1. ನಡುವೆ ಲಗ್ನದ ಸೀಸನ್ನಿನಲ್ಲಿ ಎರಡು ಕಿಲೋ ಮತ್ತೆ ಏರಿಸಿಕೊಂಡು, ಟೇಪು ಕಂಡರೆ ಮುಖ ತಿರುಗಿಸುತ್ತಿದ್ದರು. ಮುಂದಿನ ಸ್ಕ್ಯಾನನ್ನು ದೀಪಾವಳಿ ಆದ ಹದಿನೈದು ದಿನಕ್ಕೆ ಬರೆಸಿದ್ದೇನೆ. “ಹಬ್ಬಕ್ಕ ಮೊದಲ ಮಾಡಿಸಿದ್ರ ಚಲೋ ಇತ್ತಲ್ಲ” ಅಂದರು. ಅದಕ್ಕೇ ಆಮೇಲೆ ಬರೆಸಿದ್ದು.